ಹಾದಿಯ ಉಪ್ಪು, ಮೋಟಾರಿನ ತುಕ್ಕು

ಮೋಟಾರನ್ನು ಇಟ್ಟುಕೊಂಡಿರುವವರು ಅದರ ಮೈಯನ್ನು ದಿನವೂ ಒರೆಸುತ್ತಾರೆ, ಗಾಜನ್ನು ಉಜ್ಜುತ್ತಾರೆ, ಆಯುಧಪೂಜೆಯ ದಿನ ಮುಂಭಾಗಕ್ಕೆ ಬಾಳೆಕಂದನ್ನು ಕಟ್ಟಿ, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿಟ್ಟು, ಕುಂಬಳಕಾಯಿಯನ್ನು ಒಡೆಯುತ್ತಾರೆ. ಆದರೆ ಆ ಗಾಡಿಯ ಅಡಿಯಲ್ಲಿ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬಗ್ಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಆ ಅಡಿಭಾಗವನ್ನೂ ಅದಕ್ಕೆ ಹತ್ತುವ ತುಕ್ಕನ್ನೂ ಕುರಿತು. ಅದರಲ್ಲಿಯೂ ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪಿನಿಂದ ಉಂಟಾಗುವ ಹಾನಿಯನ್ನು ಕುರಿತು.

ಬೆಂಗಳೂರು ಮೈಸೂರುಗಳಲ್ಲಿರುವವರಿಗೆ ಹಿಮದ ನಾಡಿನ ಉಪ್ಪಿನ ಗೊಡವೆ ಏತಕ್ಕೆ ಎಂದು ಶ್ರೋತೃಗಳು ಕೇಳಬಹುದು. ಇಂದು ಮಗನೋ ಮಗಳೋ ಟೊರಾಂಟೊ, ಡೆಟ್ರಾಯಿಟ್, ಷಿಕಾಗೋ ಮೊದಲಾದ ನಗರಗಳಲ್ಲಿ ನೆಲೆಸಿರುವ ಮನೆಗಳು ನಮ್ಮ ಬೀದಿಗಳಲ್ಲಿ ಹಲವಿವೆ. ಈ ವಿಷಯದಲ್ಲಿ ನಾವು ಕಣ್ಣು ತೆರೆದುದೂ ಅಂತಹ ಒಂದು ಊರಿನಲ್ಲಿಯೇ.

ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲವನ್ನು ಟೊರಾಂಟೊದಲ್ಲಿ ಮಗಳ ಮನೆಯಲ್ಲಿ ಕಳೆದೆವು. ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಅಳಿಯಂದಿರು ಮೋಟಾರನ್ನು ಅಂಗಳದಿಂದ ಹಿಂದಕ್ಕೆ ತೆಗೆಯುತ್ತಿದ್ದರು. ಮೊಮ್ಮಗು ಹಿಂದಿನ ಆಸನದಲ್ಲಿ ಕುಳಿತಿತ್ತು. ಬ್ರೇಕನ್ನು ಮೆಟ್ಟಿದರೆ ಕಾಲು ಬೆಣ್ಣೆಯಲ್ಲಿ ಇಳಿದಂತೆ ಕೆಳಕ್ಕೆ ಹೋಯಿತು. ಈಗಿನ ಮೋಟಾರುಗಳಲ್ಲಿ ಬ್ರೇಕಿನ ದ್ರವವು ಎರಡು ಪ್ರತ್ಯೇಕ ಕವಲುಗಳಲ್ಲಿ ಹರಿಯುವುದರಿಂದ ಒಂದು ಒಡೆದರೂ ಇನ್ನೊಂದು ಉಳಿದಿರುತ್ತದೆ. ಆ ಉಳಿದ ಅರ್ಧ ಬ್ರೇಕು ಗಾಡಿಯನ್ನು ಬೀದಿಯ ಅಂಚಿನಲ್ಲಿ ಹೇಗೋ ನಿಲ್ಲಿಸಿತು. ಇಳಿದು ನೋಡಿದರೆ ಬಿಳಿಯ ಹಿಮದ ಮೇಲೆ ಒಂದು ಕಂದುಬಣ್ಣದ ಗೆರೆ ಎಳೆದಿತ್ತು. ಹೊರಗಿನಿಂದ ನೋಡುವವರಿಗೆ ಆ ಮೋಟಾರು ಹೊಚ್ಚಹೊಸದರಂತೆಯೇ ಹೊಳೆಯುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕು.

ಕಾರ್ಖಾನೆಯಲ್ಲಿ ಅದನ್ನು ಎತ್ತರಕ್ಕೆ ಏರಿಸಿದರು. ಅಡಿಭಾಗಕ್ಕೆಲ್ಲ ಟಾರಿನಂತಹ ಒಂದು ಕರಿಯ ಲೇಪವನ್ನು ದಪ್ಪವಾಗಿ ಬಳಿದಿದ್ದಿತು. ಗಾಡಿಯನ್ನು ಮೂರು ವರ್ಷದ ಹಳೆಯದಾಗಿದ್ದಾಗ ಕೊಂಡಿದ್ದರು. ಮಾರಿದವನು, ಇದು ಆಜೀವ ರಕ್ಷಣೆಯೆಂದು ಹೇಳಿ, ಬೇರೆ ಹಣ ಪಡೆದು ಬಳಿಸಿಕೊಟ್ಟಿದ್ದನಂತೆ. ಅಲ್ಲಿನ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಎರಡು ಬಾರಿ ತಟ್ಟಿದ. ಕಾವಲಿಯಿಂದ ದೋಸೆ ಏಳುವಂತೆ ಆ ಕರಿಯ ಲೇಪ ಎದ್ದು ಬಂದಿತು. ಅದರ ಬೆನ್ನಿಗೆ ಅಂಟಿಕೊಂಡು ಉಕ್ಕಿನ ಹೊಟ್ಟು ಪದರಪದರವಾಗಿ ಉದುರಿತು. ಆಮೇಲೆ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ತೊಲೆಯಲ್ಲಿ ಒಂದು ಸಣ್ಣ ರಂಧ್ರವನ್ನು ತೋರಿಸಿದ. ನೀರು ಹೊರಗೆ ಬಸಿದುಹೋಗಲೆಂದು ಗಾಡಿಯನ್ನು ಕಟ್ಟಿದವರೇ ಬಿಟ್ಟಿದ್ದ ರಂಧ್ರವದು. ಲೇಪ ಅದನ್ನು ಮುಚ್ಚಿಬಿಟ್ಟಿತ್ತು. ತಂತಿಯಿಂದ ಚುಚ್ಚಿದೊಡನೆ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು. ಕಳ್ಳನನ್ನು ಮನೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕಿದಂತಾಗಿತ್ತು.

ಇದು ಒಂದು ಮನೆಯ ದುರದೃಷ್ಟವಷ್ಟೇ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಹೆದ್ದಾರಿ ಸುರಕ್ಷತೆಯ ಇಲಾಖೆಯವರು ೨೦೧೫ರಲ್ಲಿ ಒಂದು ಎಚ್ಚರಿಕೆಯನ್ನು ಹೊರಡಿಸಿದರು. ೨೦೦೭ನೆಯ ಇಸವಿಯ ಮತ್ತು ಅದಕ್ಕೂ ಹಿಂದಿನ ಮಾದರಿಯ ಗಾಡಿಗಳನ್ನುಳ್ಳವರು, ಉಪ್ಪನ್ನು ಬಳಸುವ ಸೀಮೆಯಲ್ಲಿದ್ದರೆ, ಬ್ರೇಕಿನ ನಳಿಗೆಗಳನ್ನು ಪರೀಕ್ಷಿಸಿಕೊಳ್ಳಬೇಕೆಂದೂ, ಅಡಿಭಾಗವನ್ನು ಚಳಿಗಾಲದಲ್ಲಿ ಆಗಾಗ್ಗೆ ತೊಳೆಯಬೇಕೆಂದೂ ಅದರ ತಾತ್ಪರ್ಯ. ಬ್ರಿಟನ್ನಿನಲ್ಲಿ ೧೯೬೦ರಿಂದ ನಡೆದುಬಂದಿರುವ ಗಾಡಿಗಳ ಕಡ್ಡಾಯ ತಪಾಸಣೆಯಲ್ಲಿ, ಆಸನದ ಪಟ್ಟಿ, ಚಕ್ರದ ಆಧಾರ ಮುಂತಾದವನ್ನು ಬಿಗಿದಿರುವ ಜಾಗದ ಸುತ್ತ ೩೦ ಸೆಂಟಿಮೀಟರುಗಳೊಳಗೆ ಉಕ್ಕು ತುಕ್ಕಿನಿಂದ ಬಲಗೆಟ್ಟಿದ್ದರೆ ಆ ಗಾಡಿ ತೇರ್ಗಡೆಯಾಗುವುದಿಲ್ಲ. ಆದಕಾರಣ ತುಕ್ಕೆಂದರೆ ಅಂದಗೇಡಿನ ಮಾತಲ್ಲ, ಪ್ರಾಣದ ಮಾತು.

ರಸ್ತೆಗೆ ಉಪ್ಪನ್ನೇತಕ್ಕೆ ಚೆಲ್ಲುತ್ತಾರೆ? ಶುದ್ಧವಾದ ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಅಷ್ಟಕ್ಕೇ ಹೆಪ್ಪುಗಟ್ಟದು. ನೂರು ಪಾಲು ದ್ರಾವಣದಲ್ಲಿ ಸುಮಾರು ೨೩ ಪಾಲು ಉಪ್ಪಿದ್ದರೆ ಸೊನ್ನೆಗೆ ೨೧ ಡಿಗ್ರಿ ಕೆಳಗಿನವರೆಗೂ ಅದು ನೀರಾಗಿಯೇ ಇರಬಲ್ಲುದು. ವ್ಯವಹಾರದಲ್ಲಿ ಇಷ್ಟು ಲಾಭ ಸಿಕ್ಕುವುದಿಲ್ಲ. ಸೊನ್ನೆಗೆ ೧೦ ಡಿಗ್ರಿ ಕೆಳಗಾಯಿತೆಂದರೆ ಅಡುಗೆಯ ಉಪ್ಪಿನ ಕೆಲಸ ಬಹಳ ನಿಧಾನ. ಅದಕ್ಕಾಗಿ ಕ್ಯಾಲ್ಸಿಯಂ ಕ್ಲೋರೈಡು, ಮೆಗ್ನೀಸಿಯಂ ಕ್ಲೋರೈಡು ಎಂಬ ಬೇರೆ ಲವಣಗಳನ್ನು ಬೆರೆಸುವುದುಂಟು. ಮೊದಲು ಹಿಮದ ರಸ್ತೆಗೆ ಮರಳನ್ನೂ ಇದ್ದಲಿನ ಕಿಟ್ಟವನ್ನೂ ಚೆಲ್ಲುತ್ತಿದ್ದರು. ಅಮೆರಿಕದಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ೧೯೩೮ರಲ್ಲಿ ಉಪ್ಪನ್ನು ಪ್ರಯೋಗಿಸಿತು. ಎರಡನೆಯ ಮಹಾಯುದ್ಧದ ತರುವಾಯ ಆ ಪದ್ಧತಿ ಎಲ್ಲೆಡೆ ಹಬ್ಬಿತು. ಇಂದು ಆ ಒಂದು ದೇಶದಲ್ಲಿಯೇ ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ನು ಉಪ್ಪು ರಸ್ತೆಯ ಪಾಲಾಗುತ್ತಿದೆ. ಜಾರಿಬಿದ್ದು ಸಾಯುವವರ ಸಂಖ್ಯೆ ಇದರಿಂದ ತಗ್ಗಿದೆಯೆಂಬುದನ್ನು ಮರೆಯಲಾಗದು. ಉಪ್ಪನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಆದರೆ ಚಕ್ರಗಳು ಆ ಉಪ್ಪುಕೆಸರನ್ನು ಮೇಲಕ್ಕೆ ಎರಚಿದಾಗ ಅದು ಹೋಗಿ ಸೇರುವುದು ನಾವು ಎಂದೂ ನೋಡದ ಆ ಅಡಿಭಾಗವನ್ನು.

ಇನ್ನು ಉಪ್ಪು ಕಬ್ಬಿಣಕ್ಕೆ ಮಾಡುವುದೇನು? ಉಪ್ಪು ತಾನೇ ಕಬ್ಬಿಣವನ್ನು ತಿನ್ನುವುದಿಲ್ಲ. ತುಕ್ಕು ಹಿಡಿಯುವುದಕ್ಕೆ ನೀರೂ ಆಮ್ಲಜನಕವೂ ಸಾಕು. ಒದ್ದೆಯಾದ ಕಬ್ಬಿಣದ ಮೇಲೆ ಅತಿ ಸಣ್ಣ ವಿದ್ಯುತ್ ಕೋಶಗಳು ಏರ್ಪಡುತ್ತವೆ. ಒಂದು ಸ್ಥಳದಲ್ಲಿ ಕಬ್ಬಿಣ ಕರಗುತ್ತದೆ, ಇನ್ನೊಂದು ಸ್ಥಳದಲ್ಲಿ ಆಮ್ಲಜನಕವು ವಿನಿಯೋಗವಾಗುತ್ತದೆ, ಎರಡರ ನಡುವೆ ವಿದ್ಯುತ್ತು ಹರಿಯುತ್ತದೆ. ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯಲಾರದು. ಉಪ್ಪು ಬೆರೆತರೆ ಧಾರಾಳವಾಗಿ ಹರಿಯುತ್ತದೆ. ಅಷ್ಟೇ ಅಲ್ಲದೆ, ಉಪ್ಪಿನಲ್ಲಿರುವ ಕ್ಲೋರೈಡು ಕಬ್ಬಿಣದ ಮೈಮೇಲೆ ತಾನಾಗಿ ಕಟ್ಟಿಕೊಂಡಿರುವ ತೆಳುವಾದ ರಕ್ಷಕ ಪೊರೆಯನ್ನು ಒಡೆಯುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಎಂಬ ರಸಾಯನ ಶಾಸ್ತ್ರಜ್ಞರ ಹೆಸರಿನಿಂದ ಪ್ರಸಿದ್ಧವಾಗಿರುವ ಒಂದು ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ದಪ್ಪನೆಯ ಹನಿಯೊಂದನ್ನಿಟ್ಟು ಕೆಲವು ಗಂಟೆಗಳು ಸುಮ್ಮನಿರಬೇಕು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ತಾಗುತ್ತದೆ, ನಡುವಿಗೆ ಕಡಿಮೆ. ಗಾಳಿ ಹೆಚ್ಚಾಗಿರುವ ಅಂಚಿನಲ್ಲಿಯೇ ಕಬ್ಬಿಣ ಕೆಡಬೇಕೆಂದು ಸಾಮಾನ್ಯವಾಗಿ ನಮಗೆ ತೋರುತ್ತದೆ. ಆಗುವುದು ಅದರ ತಿರುಗುಮುರುಗು. ಗಾಳಿ ಕಡಿಮೆಯಾಗಿರುವ ನಡುವಿನಲ್ಲಿ ಕಬ್ಬಿಣ ಕರಗಿ ಕುಳಿ ಬೀಳುತ್ತದೆ. ಕಂದುಬಣ್ಣದ ತುಕ್ಕು ಅದರ ಸುತ್ತ ಉಂಗುರವಾಗಿ ನಿಲ್ಲುತ್ತದೆ.

ಇದನ್ನು ಗ್ರಹಿಸಿದವರಿಗೆ ಮೋಟಾರಿನ ಅಡಿಭಾಗದ ರಹಸ್ಯವೆಲ್ಲವೂ ತಿಳಿದಂತೆಯೇ. ಕೆಸರು ಮೆತ್ತಿಕೊಂಡಿರುವ ಸ್ಥಳ, ಎರಡು ತಗಡುಗಳು ಒಂದರ ಮೇಲೊಂದು ಕೂಡಿರುವ ಸಂದು, ನಳಿಗೆಯನ್ನು ಹಿಡಿದಿರುವ ಕೊಂಡಿಯ ಒಳಬದಿ, ಬಿರುಕುಬಿಟ್ಟ ಲೇಪದ ಅಡಿ, ಇವೆಲ್ಲವೂ ಆ ಹನಿಯ ನಡುವಿನಂತಹ ಸ್ಥಳಗಳು. ನೀರು ಒಳಕ್ಕೆ ಹೋಗುತ್ತದೆ; ಗಾಳಿ ಸಾಕಷ್ಟು ಹೋಗುವುದಿಲ್ಲ. ಹೊರಗೆ ಬಯಲಾಗಿ ಕಾಣುವ ತುಕ್ಕು ಅನೇಕ ವೇಳೆ ಚರ್ಮದ ಮೇಲಿನದು. ಮುಚ್ಚಿರುವ ಕಡೆಯಲ್ಲಿ ಉಕ್ಕು ಸದ್ದಿಲ್ಲದೆ ಸವೆಯುತ್ತಿರುತ್ತದೆ. ನಮ್ಮ ಅಳಿಯಂದಿರ ಗಾಡಿಯ ನಳಿಗೆ ಒಡೆದುದೂ ಕೊಂಡಿಯ ಒಳಗೇ.

ಉಪ್ಪಿನ ಇನ್ನೊಂದು ಗುಣವನ್ನು ನಮ್ಮ ಮನೆಗಳ ಹೆಂಗಸರು ಯಾವ ಪಂಡಿತರಿಗಿಂತಲೂ ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ಭರಣಿಯೊಳಗಿನ ಉಪ್ಪು ನೀರೊಡೆಯುತ್ತದೆ. ಅದಕ್ಕಾಗಿ ನಾಲ್ಕು ಅಕ್ಕಿಕಾಳುಗಳನ್ನು ಹಾಕಿಡುವುದುಂಟು. ಗಾಳಿಯ ತೇವವು ನೂರಕ್ಕೆ ಸುಮಾರು ೭೫ನ್ನು ಮೀರಿದರೆ ಅಡುಗೆಯ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗುತ್ತದೆ. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಲವಣಗಳಿಗಾದರೋ ನೂರಕ್ಕೆ ಮೂವತ್ತು ಮೂವತ್ತಮೂರರಷ್ಟು ತೇವವಿದ್ದರೆ ಸಾಕು. ಎಂದರೆ ಆ ಲವಣಗಳು ಹತ್ತಿದ ಗಾಡಿಯು ಒಣಗಿದ ದಿನದಲ್ಲಿಯೂ ಒಳಗೊಳಗೆ ಒದ್ದೆಯಾಗಿಯೇ ಇರುತ್ತದೆ. ಚಳಿಯಿಂದ ಕಾಪಾಡಬೇಕೆಂಬ ಮಮತೆಯಿಂದ ಗಾಡಿಯನ್ನು ಬೆಚ್ಚಗಿನ ಷೆಡ್ಡಿನಲ್ಲಿ ನಿಲ್ಲಿಸುವವರು, ಅದನ್ನು ತೊಳೆಯದೆ ನಿಲ್ಲಿಸಿದರೆ, ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಾರೆ. ಹೊರಗೆ ಹೆಪ್ಪುಗಟ್ಟಿದ್ದ ಉಪ್ಪುಕೆಸರು ಒಳಗೆ ಕರಗುತ್ತದೆ. ಬಿಸಿ ಏರಿದಂತೆ ತುಕ್ಕಿನ ವೇಗವೂ ಏರುತ್ತದೆ.

ಪ್ರಸಂಗವಶಾತ್ ಒಂದು ಮಾತು. ಕೊಡಚಾದ್ರಿಯ ಮೇಲೆ ಆದಿಮೂಕಾಂಬಿಕೆಯ ಗುಡಿಯ ಬಳಿ ನಿಂತಿರುವ ಕಬ್ಬಿಣದ ಕಂಬವನ್ನು ಶ್ರೋತೃಗಳಲ್ಲಿ ಕೆಲವರಾದರೂ ಕಂಡಿರಬಹುದು. ಮಲೆನಾಡಿನ ಮಳೆಯಲ್ಲಿ ನೆನೆದೂ ಅದು ಪುಡಿಯಾಗದೆ ನಿಂತಿದೆ. ದೆಹಲಿಯ ಮೆಹ್ರೌಲಿಯ ಕಂಬದ ವಿಷಯದಲ್ಲಿ, ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಗಟ್ಟಿಯಾದ ರಕ್ಷಕ ಪೊರೆ ಕಟ್ಟಿದೆಯೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹಳೆಯ ಕುಲುಮೆಯ ಕಬ್ಬಿಣದ ಗುಣ ಒಂದು ಕಡೆ ಇರಲಿ. ನಮಗೆ ಆ ಕಂಬಗಳಲ್ಲಿ ಮತ್ತೊಂದು ಸಂಗತಿ ತೋರುತ್ತದೆ. ಅವುಗಳಲ್ಲಿ ನೀರು ನಿಲ್ಲುವ ಹೊಟ್ಟೆಯಿಲ್ಲ, ಸಂದಿಲ್ಲ. ಬಿದ್ದ ಮಳೆ ಜಾರಿಹೋಗುತ್ತದೆ. ಗಾಳಿ ಬೀಸಿದರೆ ಮೈ ಒಣಗುತ್ತದೆ. ಮೋಟಾರಿನ ಮೈಯೋ ತೆಳುವಾದ ತಗಡುಗಳನ್ನು ಮಡಿಸಿ, ಬೆಸೆದು, ಪೊಳ್ಳಾಗಿ ಕಟ್ಟಿದ್ದು. ಹಗುರವಾಗಿ ಬಲವಾಗಿರಬೇಕಾದರೆ ಹಾಗೆಯೇ ಕಟ್ಟಬೇಕು. ಕಟ್ಟಿದರೆ ಸಂದುಗಳು ತಪ್ಪವು.

ಗಾಡಿಯನ್ನು ಕಟ್ಟುವವರು ಇದನ್ನರಿತು ಕೈಕಟ್ಟಿ ಕುಳಿತಿಲ್ಲ. ಒಂದು ಲೋಹವನ್ನು ಬಲಿಗೊಟ್ಟು ಇನ್ನೊಂದನ್ನು ಉಳಿಸುವ ಉಪಾಯವನ್ನು ಇಂಗ್ಲೆಂಡಿನ ಹಂಫ್ರಿ ಡೇವಿಯವರು ೧೮೨೪ರಲ್ಲಿಯೇ ಸೂಚಿಸಿದರು. ಹಡಗಿನ ತಳಕ್ಕೆ ಹೊದಿಸಿದ ತಾಮ್ರ ಕೆಡದಂತೆ ಅದಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ಉಕ್ಕಿನ ತಗಡಿಗೆ ಸತುವನ್ನು ಲೇಪಿಸುವುದು ಇದೇ ನ್ಯಾಯದ ಮೇಲೆ. ಗೀರು ಬಿದ್ದರೂ ಸತುವು ತಾನು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ. ಜರ್ಮನಿಯ ಪೋರ್ಷೆ ಕಂಪೆನಿಯವರು ೧೯೭೬ರ ಮಾದರಿಯಿಂದ ತಮ್ಮ ೯೧೧ ಎಂಬ ಗಾಡಿಗೆ ಸತುವು ಲೇಪಿಸಿದ ಉಕ್ಕನ್ನು ಬಳಸತೊಡಗಿದರು. ಕ್ರಮೇಣ ಇತರರೂ ಹಿಂಬಾಲಿಸಿದರು. ಈಗ ಗಾಡಿಯ ಮೈಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಬಲದಿಂದ ಮೂಲೆಮೂಲೆಗೂ ಬಣ್ಣ ಹತ್ತುವಂತೆ ಮಾಡುತ್ತಾರೆ. ಆದುದರಿಂದ ಈಗಿನ ಗಾಡಿಯ ಹೊರಮೈ ಹಳೆಯದಕ್ಕಿಂತ ಬಹಳ ಕಾಲ ಬಾಳುತ್ತದೆ. ಹೀಗಿದ್ದರೂ ಕಲ್ಲು ತಾಗಿದ ಕಡೆ, ಬೆಸುಗೆಯ ಕಡೆ, ಕತ್ತರಿಸಿದ ಅಂಚಿನ ಕಡೆ ರಕ್ಷಣೆ ತೆಳುವು. ಕೆಳಗೆ ಬಿಗಿದಿರುವ ನಳಿಗೆ, ಕಮಾನು, ತಿರುಪುಗಳಿಗೆ ಈ ಸಂಸ್ಕಾರವೆಲ್ಲ ಆಗಿರುವುದೂ ಇಲ್ಲ.

ಹಾಗಾದರೆ ಒಡೆಯನು ಮಾಡತಕ್ಕದ್ದೇನು? ಅಂಗಡಿಗಳಲ್ಲಿ ದೊರೆಯುವ ಲೇಪಗಳು ಹಲವು. ಟಾರು ಅಥವಾ ರಬ್ಬರಿನಂತೆ ಗಟ್ಟಿಯಾಗಿ ಕಟ್ಟಿಕೊಳ್ಳುವಂಥವು ಒಂದು ಬಗೆ. ಮೇಣದಂತೆ ಮೆತ್ತಗೆ ನಿಲ್ಲುವಂಥವು ಇನ್ನೊಂದು. ಎಂದೂ ಒಣಗದೆ ಹರಿದಾಡುವ ಎಣ್ಣೆಗಳೂ, ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡೂ ಮೂರನೆಯ ಬಗೆ. ಗಟ್ಟಿ ಲೇಪವು ಕಲ್ಲಿನ ಏಟನ್ನು ತಡೆಯುವುದರಲ್ಲಿ ಮೇಲು, ನೋಡಲೂ ಚೆಂದ. ಹೊಸದಾದ, ಶುದ್ಧವಾದ, ಪೂರ್ಣವಾಗಿ ಒಣಗಿದ ಉಕ್ಕಿನ ಮೇಲೆ ಬಳಿದರೆ ಮಾತ್ರ ಅದು ಸಾರ್ಥಕ. ಒಂದೆರಡು ಚಳಿಗಾಲಗಳನ್ನು ಕಂಡ ಗಾಡಿಗೆ ಅದನ್ನು ಬಳಿಯುವುದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಕಾಲಕ್ರಮದಲ್ಲಿ ಅದು ಬಿರಿಯುತ್ತದೆ. ಬಿರುಕಿನಲ್ಲಿ ಉಪ್ಪುನೀರು ಇಳಿಯುತ್ತದೆ. ಇಳಿದದ್ದು ಮೇಲೆ ಬರುವುದಿಲ್ಲ. ಎಣ್ಣೆಯಾದರೋ ಸಂದಿನೊಳಗೆ ತಾನೇ ತೆವಳಿಕೊಂಡು ಹೋಗುತ್ತದೆ, ಇರುವ ತೇವವನ್ನು ಸ್ಥಾನ ಬಿಡಿಸುತ್ತದೆ, ಗೀರು ಬಿದ್ದರೆ ಮತ್ತೆ ಹರಿದು ಕೂಡಿಕೊಳ್ಳುತ್ತದೆ. ಅದರ ದೋಷಗಳೂ ಪ್ರತ್ಯಕ್ಷವೇ. ಎರಡು ದಿನ ತೊಟ್ಟಿಕ್ಕಿ ಅಂಗಳವನ್ನು ಕೊಳೆಮಾಡುತ್ತದೆ, ವಾಸನೆ ಬರುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಆದರೂ ಉಪ್ಪಿನ ಸೀಮೆಯಲ್ಲಿರುವವರಿಗೆ ಪೊಳ್ಳುಭಾಗಗಳ ಮಟ್ಟಿಗೆ ನಮ್ಮ ಓಟು ಎಣ್ಣೆಗೆ ಅಥವಾ ಮೆತ್ತನೆಯ ಮೇಣಕ್ಕೆ.

ಎಣ್ಣೆಯೆಂದೊಡನೆ, ಎಂಜಿನ್ನಿನಿಂದ ತೆಗೆದ ಹಳೆಯ ಕರಿಯ ಎಣ್ಣೆಯನ್ನೇ ಬಳಿದರಾಯಿತೆಂದು ನಮ್ಮಲ್ಲಿ ಕೆಲವರು ಯೋಚಿಸುತ್ತಾರೆ. ಲಾರಿಗಳ ಅಡಿಗೆ ಬಳಿಯುವ ರೂಢಿಯೂ ಉಂಟು. ಇದು ಕೂಡದು. ಉರಿದುಳಿದ ಆಮ್ಲಗಳೂ ಲೋಹದ ಕಣಗಳೂ ಅದರಲ್ಲಿರುತ್ತವೆ. ಕೈಗೆ ತಾಗುವುದೂ ಒಳ್ಳೆಯದಲ್ಲ. ಮಳೆಯಲ್ಲಿ ತೊಳೆದು ಕೆರೆಗೆ ಸೇರಿದರೆ ಮೀನಿಗೂ ಮನುಷ್ಯರಿಗೂ ಕೇಡು. ಯಾವ ಎಣ್ಣೆಯನ್ನೇ ಆಗಲಿ ಬ್ರೇಕಿನ ತಟ್ಟೆಗಳ ಮೇಲೆ ಬೀಳಗೊಡಬಾರದು. ಹೊಗೆಯ ಕೊಳವೆಯಿಂದ ದೂರವಿಡಬೇಕು. ಕೆಲವು ಎಣ್ಣೆಗಳಿಂದ ರಬ್ಬರು ಊದಿಕೊಳ್ಳುವುದರಿಂದ ಅದನ್ನೂ ವಿಚಾರಿಸಿ ಹಾಕಿಸಬೇಕು. ವಿದ್ಯುತ್ತಿನಿಂದ ತುಕ್ಕನ್ನು ತಡೆಯುವ ಪೆಟ್ಟಿಗೆಯೆಂದು ಒಂದು ಸಾಧನವನ್ನು ಮಾರುವವರೂ ಇದ್ದಾರೆ. ಸಮುದ್ರದಲ್ಲಿ ಸದಾ ಮುಳುಗಿರುವ ಹಡಗಿಗೆ ಆ ಬಗೆಯ ಉಪಾಯ ಸರಿ, ಏಕೆಂದರೆ ಸುತ್ತಲೂ ವಿದ್ಯುತ್ತನ್ನು ಒಯ್ಯುವ ನೀರಿದೆ. ಗಾಳಿಯಲ್ಲಿ ಓಡುವ ಮೋಟಾರಿಗೆ ಅಂತಹ ಸುತ್ತುನೀರೆಲ್ಲಿ? ಆ ಹಣವನ್ನು ಬೇರೆಡೆ ಖರ್ಚುಮಾಡಬಹುದು.

ಎಲ್ಲ ಲೇಪಗಳಿಗಿಂತಲೂ ಮೊದಲಿನದು ನೀರು. ಉಪ್ಪನ್ನು ತೆಗೆಯಬಲ್ಲ ವಸ್ತು ಧಾರಾಳವಾದ ಸಿಹಿನೀರೇ. ಚಳಿಗಾಲದಲ್ಲಿ ಹೆಪ್ಪು ಕರಗುವ ದಿನ ಬಂದಾಗಲೆಲ್ಲ ಕೆಳಗಿನಿಂದ ನೀರು ಚಿಮ್ಮಿಸುವ ತೊಳೆಮನೆಗೆ ಗಾಡಿಯನ್ನು ಒಯ್ಯಬೇಕು. ಚಕ್ರದ ಕಮಾನುಗಳ ಒಳತುಟಿಯಲ್ಲಿ ಮೆತ್ತಿರುವ ಕೆಸರನ್ನು ಕೈಯಿಂದಲೇ ಬಿಡಿಸಬೇಕಾಗುತ್ತದೆ. ವಸಂತಕಾಲ ಬಂದಾಗ ಒಮ್ಮೆ ನಿಧಾನವಾಗಿ, ಪೊಳ್ಳುತೊಲೆಗಳ ಒಳಗೂ ನೀರಾಡುವಂತೆ ತೊಳೆದು, ಬಸಿಯುವ ರಂಧ್ರಗಳೆಲ್ಲ ತೆರೆದಿವೆಯೇ ಎಂದು ತಂತಿಯಿಂದ ನೋಡಿ, ಬಿಸಿಲಿನಲ್ಲಿ ಒಣಗಿಸಬೇಕು. ಎಣ್ಣೆ ಹಾಕಿಸುವುದಾದರೆ ಉಪ್ಪು ಬೀಳುವುದಕ್ಕೆ ಮೊದಲು, ಒಣಗಿದ ಗಾಡಿಗೆ. ಹಾಕುವವನಿಗೆ ರಂಧ್ರವನ್ನು ಮುಚ್ಚಬೇಡವೆಂದು ಹೇಳಿದರೆ ಸಾಲದು. ಹಾಕಿದ ಮೇಲೆ ತಾವೇ ನೋಡಬೇಕು. ಉಕ್ಕಿನ ಬ್ರೇಕು ನಳಿಗೆಯನ್ನು ಬದಲಾಯಿಸುವ ಸಂದರ್ಭ ಬಂದರೆ ತಾಮ್ರವೂ ನಿಕ್ಕಲೂ ಬೆರೆತ ನಳಿಗೆಯನ್ನು ಕೇಳಿ ಹಾಕಿಸುವುದು ಲೇಸು. ಅದು ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ.

ನಮ್ಮ ನಾಡಿನಲ್ಲಿ ರಸ್ತೆಗೆ ಉಪ್ಪು ಚೆಲ್ಲುವವರಿಲ್ಲವಾದರೂ ಉಪ್ಪು ಇಲ್ಲವೆನ್ನುವಂತಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ಗಾಳಿಯೇ ಅದನ್ನು ಹೊತ್ತು ತರುತ್ತದೆ. ಮಲ್ಪೆಯಂತಹ ಬಂದರುಗಳಿಂದ ಹೊರಡುವ ಮೀನಿನ ಲಾರಿಗಳು ಮಂಜುಗಡ್ಡೆಯ ಉಪ್ಪುನೀರನ್ನು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವುದನ್ನು ಆ ಕಡೆ ಪ್ರಯಾಣ ಮಾಡಿದವರೆಲ್ಲರೂ ಕಂಡಿದ್ದಾರೆ. ರಜೆಯಲ್ಲಿ ಮೋಟಾರನ್ನು ಕಡಲ ಮರಳಿನ ಮೇಲೆ ಓಡಿಸುವ ಉತ್ಸಾಹಿಗಳು ಅದೇ ಸಂಜೆ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯದಿದ್ದರೆ, ಟೊರಾಂಟೊದ ಚಳಿಗಾಲವನ್ನು ತಾವಾಗಿಯೇ ಮನೆಗೆ ಕರೆದಂತೆ. ಬೆಂಗಳೂರಿನಲ್ಲಿಯೇ ಓಡಾಡುವ ಹೊಸ ಗಾಡಿಗೆ, ಕೊಳ್ಳುವಾಗ ಮಾರಾಟಗಾರರು ಹೇಳುವ ದುಬಾರಿಯ ಲೇಪ ಅಷ್ಟು ಅವಶ್ಯಕವೆಂದು ನಮಗೆ ತೋರುವುದಿಲ್ಲ. ಆದರೆ ಕರಾವಳಿಯಲ್ಲಿ ಬಾಳಿದ ಹಳೆಯ ಗಾಡಿಯನ್ನು ಕೊಳ್ಳುವವರು, ಅದರ ಅಡಿಯಲ್ಲಿ ಆಗತಾನೇ ಬಳಿದ ಕರಿಯ ಬಣ್ಣ ಮಿರುಗುತ್ತಿದ್ದರೆ, ಅದನ್ನು ಗುಣವೆಂದು ಎಣಿಸದೆ ತಿರುಪುಳಿಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಬೇಕು. ಗಟ್ಟಿಯಾದ ಉಕ್ಕು ಕಣಕಣವೆನ್ನುತ್ತದೆ. ಕೆಟ್ಟ ಉಕ್ಕಿನ ದನಿ ಮಂದ.

ಮಗಳ ಆ ಮೋಟಾರು ತಪಾಸಣೆಯಲ್ಲಿ ನಿಲ್ಲಲಿಲ್ಲ, ಗುಜರಿಗೆ ಹೋಯಿತು. ಈಗ ಇರುವುದಕ್ಕೆ ಪ್ರತಿ ಅಕ್ಟೋಬರಿನಲ್ಲಿ ಎಣ್ಣೆ ಹಾಕಿಸುತ್ತಾರೆ. ಕಳೆದ ಬಾರಿ ದೂರವಾಣಿಯಲ್ಲಿ ಮಾತನಾಡುವಾಗ ಆಕೆ, “ಅಪ್ಪಾ, ರಂಧ್ರಗಳನ್ನೆಲ್ಲ ನಾನೇ ತಂತಿ ಹಾಕಿ ನೋಡಿದೆ. ಎಣ್ಣೆ ತೊಟ್ಟಿಕ್ಕಿ ಅಂಗಳವೆಲ್ಲ ಕಲೆಯಾಯಿತೆಂದು ಇವರು ಮಾತ್ರ ಗೊಣಗುತ್ತಿದ್ದಾರೆ” ಎಂದಳು. ಕಲೆಯ ಮೇಲೆ ಒಂದು ಹಳೆಯ ರಟ್ಟನ್ನು ಹಾಸುವಂತೆ ಅಳಿಯಂದಿರಿಗೆ ಹೇಳಿ ಕಳುಹಿಸಿದ್ದೇವೆ.